ನಾಲ್ಕು ಗಾಲಿಯ ಗಾಳಿ

ಮುಬಶ್ಶಿರ ಟೈರಿನ ವಾಲ್ವಿನ ಮುಚ್ಚಳ ಬಿಚ್ಚಿದವನು ಮತ್ತೆ ಹಾಗೆಯೇ ತಿರುಗಿಸಿ ಹಾಕಿದ. ತಂಗಿಯ ಮನೆಗೆ ಅಡ್ಡದಾರಿ ಎಂದು ಹಂಪಸಾಗರದ ಹೊಳೆದಂಡೆಗೆ ಇಳಿಸಿದ ಜೀಪು ಮರಳಿನಲ್ಲಿ ಹೊಟ್ಟೆಯ ತನಕ ಕೂತಿತ್ತು. ನಾಲ್ಕೂ ಗಾಲಿಗಳು ತಿರುಗಿ ತಿರುಗಿ ತೋಡಿಕೊಂಡ ಗುಂಡಿಗಳಲ್ಲಿ ನೀರು ಜಿನುಗತೊಡಗಿತ್ತು. ಗಾಳಿ ಅರ್ಧ ಇಳಿಸಿದರೆ ಟೈರು ಅಗಲವಾಗಿ ಮರಳು ಹಿಡಿಯುತ್ತದೆ, ಗಾಡಿ ಮೇಲೆ ಬರುತ್ತದೆ. ಕೊಟ್ಟೂರಿನಲ್ಲಿ ಗ್ಯಾರೇಜು ನಡೆಸುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಅವನು ಒಂದು ತಾಸಿನಿಂದ ಬರಿಗೈಯಿಂದ ಮರಳು ಬಗೆಯುತ್ತಿದ್ದ.

"ಗಾಳಿ ಇಳಸೋದು ಬಿಟ್ಟು ಮಣ್ಣಾಟ ಆಡಾಕತ್ತೀಯಲ್ಲೋ?" ಎಂದಳು ತಾಯಿ ಶರೀಫಾ ಬೀ.

"ಇದು ಅಬ್ಬಾ ತುಂಬಿದ ಗಾಳಿ, ಅಮ್ಮಿ," ಎಂದ ಮುಬಶ್ಶಿರ, ತಲೆ ಎತ್ತದೆ. ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಫಕೀರಸಾಬ ಒಂದು ಟೈರನ್ನೂ ಬಿಡದೆ ಗಾಳಿ ತುಂಬಿ, ಒಂದೊಂದನ್ನೂ ಮುಷ್ಟಿಯಿಂದ ಗುದ್ದಿ ನೋಡಿದ್ದರು. ಅದಾಗಿ ನಲವತ್ತು ದಿನ, ಮಗ ಈ ಜೀಪಿಗೆ ಪಂಪು ಹಚ್ಚಿರಲಿಲ್ಲ.

ಶರೀಫಾ ಬೀ ಮಂಡಿಯೂರಿ ಕೂತು, ಮುಚ್ಚಳ ಬಿಚ್ಚಿ, ತಲೆಯ ಪಿನ್ನು ತೆಗೆದು ವಾಲ್ವಿನೊಳಗೆ ಒತ್ತಿದಳು. ಗಾಳಿ ಅವಳ ಅಂಗೈಗೆ ಬಡಿಯುತ್ತ ಹೋಯಿತು. ಒಂದಾದ ಮೇಲೊಂದು ನಾಲ್ಕೂ ಟೈರು ಮೆತ್ತಗಾದವು.

ಎದ್ದು ಸೀರೆಯ ಮರಳು ಕೊಡವಿಕೊಂಡು ಅವಳು ಜೀಪಿನ ಹಿಂದಕ್ಕೆ ಹೋದಳು. ಅಲ್ಲಿ ಬಿಗಿದಿದ್ದ ಸ್ಟೆಪ್ನಿ ಟೈರನ್ನು, ಗಂಡ ಗುದ್ದುತ್ತಿದ್ದ ಹಾಗೆಯೇ, ಮುಷ್ಟಿಯಿಂದ ಗುದ್ದಿ ನೋಡಿದಳು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು.

"ಇದನ್ನ ಮುಟ್ಟಬ್ಯಾಡ," ಎಂದಳು. "ಈಗ ಗಾಡಿ ಚಾಲೂ ಮಾಡು."