ಲಾವಂಚದ ಬೇರು

ಗೋಡೆಯಾಚೆ ಓರಗಿತ್ತಿ ಬೆಳೆಸಿದ್ದ ಲಾವಂಚದ ಪೊದೆ ಕಂಡರೆ ತುಂಗಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಹುಲ್ಲಿಗೆ ಹಾವು ಬರುತ್ತೆ, ಕಿತ್ತುಹಾಕೇ!"

"ನನ್ನ ಹಿತ್ತಲು, ನನ್ನಿಷ್ಟ. ನಿಮ್ಮ ನಾಲಿಗೆಗಿಂತ ಹಾವೇ ವಾಸಿ!"

ಓರಗಿತ್ತಿ ಸಂತೆಗೆ ಹೋದದ್ದನ್ನು ನೋಡಿಕೊಂಡು ತುಂಗಮ್ಮ ಒಂದು ಹಂಡೆ ಉಪ್ಪುನೀರು ಕುದಿಸಿ, ಗೋಡೆಯ ಮೇಲಿಂದ ಚೊಂಬುಚೊಂಬಾಗಿ ಪೊದೆಯ ಬುಡಕ್ಕೆ ಸುರಿದಳು. ವಾರದೊಳಗೆ ಅದು ಒಣಗಿ ಕಡ್ಡಿಯಾಯಿತು.

ಆ ಖುಷಿಯಲ್ಲೇ ಪಂಡಿತರ ಅಂಗಡಿಗೆ ಹೋದಳು. ಅವರು ಕೊಡುವ ಎಣ್ಣೆಯನ್ನು ನೆತ್ತಿಗೆ ತಟ್ಟಿಕೊಳ್ಳದಿದ್ದರೆ ಎರಡು ವರ್ಷದಿಂದ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಪಂಡಿತರು ಅವಳ ಖಾಲಿ ಸೀಸೆಯನ್ನು ಹಿಂದಕ್ಕೆ ತಳ್ಳಿದರು. "ಇನ್ನು ಆ ಎಣ್ಣೆ ಸಿಗಲ್ಲಮ್ಮ. ಅದಕ್ಕೆ ಲಾವಂಚದ ಬೇರು ತಂದುಕೊಡ್ತಿದ್ದ ಹೆಂಗಸಿನ ಗಿಡಕ್ಕೆ, ಗೋಡೆಯಾಚೆ ಇರೋ ಯಾವಳೋ ಉಪ್ಪುನೀರು ಹುಯ್ದಿದ್ದಾಳಂತೆ."