ಎರಡು ಕಾಲಮ್ಮಿನ ಒಂದೇ ಬ್ರಾಕೆಟ್ಟು

“ಸಿಕ್ಕಾಕ್ಕೊಂಡ್ರು ಸಾರ್!” ಎಂದು ಕೂಗಿದ ತಾರಿಖ್, ಮಾನಿಟರನ್ನು ಚನ್ನೇಶನ ಮುಖಕ್ಕೇ ತಿರುಗಿಸಿದ. ಬಟವಾಡಿಯ ಆ ಜೆರಾಕ್ಸ್ ಅಂಗಡಿಯಲ್ಲಿ ತಾರಿಖ್ ಟೈಪ್ ಮಾಡುತ್ತಿದ್ದದ್ದು ಎಂ.ಎ. ಓದುವ ಚನ್ನೇಶನ ಸೆಮಿನಾರ್ ಪ್ರಬಂಧ. ಬೈಬಲಿನ ಸುವಾರ್ತೆಗಳನ್ನು ಬರೆದ ಮತ್ತಾಯ, ಮಾರ್ಕ ಇಬ್ಬರೂ ಒಬ್ಬರದನ್ನೊಬ್ಬರು ನೋಡದೆಯೇ ಯೇಸುವಿನ ಕಥೆ ಬರೆದರು ಎಂಬುದೇ ಅದರ ವಾದ. ನಾಳೆ ಬೆಳಿಗ್ಗೆ ಅದನ್ನು ಎಲ್ಲರ ಮುಂದೆ ಓದಬೇಕಿತ್ತು.

“ಟೈಪ್ ಮಾಡಪ್ಪ ಸಾಕು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನಿಗೆ ಇದೆಲ್ಲ ಯಾಕೆ?”

ತಾರಿಖನ ಕಿವಿ ಕೆಂಪಾಯಿತು. ಮತ್ತಾಯನದೊಂದು, ಮಾರ್ಕನದೊಂದು ಎಂದು ಪ್ರಬಂಧದಲ್ಲಿ ಅಕ್ಕಪಕ್ಕ ಇಟ್ಟಿದ್ದ ಎರಡೂ ಕಾಲಮ್ಮಿನ ಮೇಲೆ ಬೆರಳು ಕುಟ್ಟಿದ. “ಇಲ್ಲಿ ಯೇಸು ಮಾತಾಡ್ತಾವ್ರೆ, ಕೇಳೋರು ಎದುರಿಗೇ ಕೂತವ್ರೆ. ಮಧ್ಯದಲ್ಲಿ ‘ಓದುವವನು ತಿಳಿದುಕೊಳ್ಳಲಿ’ ಅಂತ ಬ್ರಾಕೆಟ್ಟು! ಅಲ್ಲಿಗೆ ಓದೋನು ಎಲ್ಲಿಂದ ಬಂದ ಸಾರ್? ಅದು ಬರೆದೋರು ಸೇರಿಸಿದ್ದು. ಇಬ್ರಿಗೂ ಅದೇ ಜಾಗದಲ್ಲಿ ಅದೇ ಮಾತು ಹೊಳೀತಾ? ಹುಡುಗ್ರು ಕಾಪಿ ಹೊಡೆದಿರೋ ಪ್ರಾಜೆಕ್ಟು ದಿನಾ ಟೈಪ್ ಮಾಡ್ತೀನಿ. ಚಿತ್ರಾನೇ ಇರಲ್ಲ, ‘ಕೆಳಗಿನ ಚಿತ್ರ ನೋಡಿ’ ಅನ್ನೋದನ್ನೂ ಹಂಗೇ ಇಳಿಸಿರ್ತಾರೆ!”

ಚನ್ನೇಶ ಎರಡೂ ಕಾಲಮ್ಮು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕೈಚಾಚಿ ತನ್ನ ಪ್ರಬಂಧದ ತಲೆಬರಹವನ್ನು ತಾನೇ ಅಳಿಸಿ, ಸ್ಟೂಲು ಎಳೆದುಕೊಂಡು ತಾರಿಖನ ಪಕ್ಕದಲ್ಲಿ ಕೂತ.

“ಹೇಳಿ ತಾರಿಖ್, ಹಂಗಾದ್ರೆ ಯಾರದನ್ನ ನೋಡಿ ಯಾರು ಬರೆದಿದ್ದು?”