ಹನ್ನೊಂದು ನಿಮಿಷದ ನೀರು

ಎರಡು ಫೋನುಗಳನ್ನು ತೂಬಿನ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಸೊಸೆ ಬಗ್ಗಿ ನೋಡಿದಳು. ಈಗಷ್ಟೇ ತೆರೆದ ಅವಳದರಲ್ಲಿ ಎಂಟು ಹತ್ತು. ಮಾವನದರಲ್ಲಿ ಏಳು ಐವತ್ತೊಂಬತ್ತು. ಎರಡರಲ್ಲೂ ಇದ್ದದ್ದು ಒಂದೇ ಗಡಿಯಾರ, ಅವಳೇ ಕೂತು ಬರೆದ ವೆಬ್ ಪುಟ.

"ಮಾವ, ಇದನ್ನ ನಡುವೆ ಏನಾದ್ರೂ ಆರಿಸಿದ್ರಾ?"

"ಹುಲ್ಲು ಕೀಳೋಕೆ ಕಾಲುವೆಗಿಳಿದಾಗ ಎರಡು ಸಲ ಪರದೆ ಆರಿಸಿ ಜೇಬಿಗೆ ಹಾಕ್ಕೊಂಡೆ. ಸುಮ್ನೆ ಚಾರ್ಜು ಯಾಕೆ ಹಾಳು?" ಎಂದ ಊರಿನ ನೀರುಗಂಟಿಯಾದ ಮಾವ.

ನೀರು ಬಿಡುವ ಸರದಿಯಲ್ಲಿ ಅವನು ಹೆಚ್ಚುಕಡಿಮೆ ಮಾಡುತ್ತಾನೆಂದು ಆಗಲೇ ಮೂರು ದೂರು ಬಿದ್ದಿದ್ದವು. ಇನ್ನೊಂದು ಬಿದ್ದರೆ ತೂಬಿನ ಕೆಲಸ ಬೇರೆಯವರಿಗೆ ಎಂದು ನೀರಿನ ಸಂಘದವರು ಖಡಾಖಂಡಿತ ಹೇಳಿದ್ದರು. ಒಬ್ಬೊಬ್ಬರ ಫೋನು ಒಂದೊಂದು ಹೊತ್ತು ತೋರಿಸುವ ಬದಲು ಎಲ್ಲರದರಲ್ಲೂ ಒಂದೇ ಹೊತ್ತು ಕಾಣಲಿ, ಜಗಳವೇ ಬೇಡ ಎಂದು ಸೊಸೆ ಹದಿನೈದು ದಿನ ಒದ್ದಾಡಿ ಈ ಗಡಿಯಾರ ಮಾಡಿದ್ದಳು. ರೇಡಿಯೊ ಹೇಳುವ ಸಮಯಕ್ಕೆ ದಿನಾ ತಾಳೆ ನೋಡಿ, ಅರ್ಧ ಸೆಕೆಂಡು ಹಿಂದೆ ಬಿದ್ದರೂ ಊಟ ಬಿಟ್ಟು ತಿದ್ದಿದ್ದಳು. ಆದರೆ ತಾಳೆ ನೋಡುವಾಗೆಲ್ಲ ಪರದೆ ಬೆಳಗುತ್ತಲೇ ಇತ್ತು. ತೆರೆದಾಗ ಒಮ್ಮೆ ಸಮಯ ತಂದುಕೊಂಡು, ಆಮೇಲೆ ತಾನೇ ಒಂದೊಂದು ಸೆಕೆಂಡು ಕೂಡಿಸಿಕೊಳ್ಳುವ ಗಡಿಯಾರ ಅದು. ಪರದೆ ಆರಿದರೆ ಎಣಿಕೆಯೂ ನಿಲ್ಲುತ್ತದೆ ಎನ್ನುವುದು ಈಗ, ಕೆಸರಲ್ಲಿ ನಿಂತಾಗ, ಹೊಳೆಯಿತು.

ಆರರಿಂದ ಎಂಟರವರೆಗೆ ನೀರು ಅವರದೇ ಹೊಲಕ್ಕೆ. ಎಂಟಾದ ಮೇಲೆ ಕೆಳಗಿನ ಹೊಲದಾಕೆಗೆ. ಅವಳು ಗುದ್ದಲಿ ಊರಿಕೊಂಡು ಬದುವಿನ ಮೇಲೆ ಕಾಯುತ್ತಿದ್ದಳು. ಫೋನು ಇಲ್ಲದವಳು.

"ಎಂಟು ದಾಟಿ ಹತ್ತು ನಿಮಿಷ ಆಯ್ತು ಮಾವ. ನೀರು ಇನ್ನೂ ನಮ್ಮ ಹೊಲಕ್ಕೇ ಹೋಗ್ತಿದೆ."

"ಮೆಲ್ಲಗೆ! ಗೋಡೆಗೂ ಕಿವಿ ಇರುತ್ತೆ ಅಂತಾರೆ, ಇಲ್ಲಿ ಗೋಡೆನೂ ಇಲ್ಲ."

"ಏನಣ್ಣಾ, ಮಾವ-ಸೊಸೆ ಗುಸುಗುಸು?" ಕೆಳಗಿನ ಹೊಲದಾಕೆ ಕೂಗಿದಳು. "ಹೊಸ ಗಡಿಯಾರಕ್ಕೆ ಆಗಲೇ ದೃಷ್ಟಿ ತಗಲ್ತಾ?"

ನೀರುಗಂಟಿ ಫೋನು ನೋಡಿದ. ಅಷ್ಟರಲ್ಲಿ ಅದರಲ್ಲಿ ಸರಿಯಾಗಿ ಎಂಟಾಗಿತ್ತು. "ಎಂಟಾಯ್ತು, ತಗೊಳ್ಳಮ್ಮ" ಎಂದರೆ ಮುಗಿಯಿತು, ಕೇಳುವವರಿಲ್ಲ. ಅವನು ನೀರು ತಡೆದಿದ್ದ ಹಲಗೆಗೆ ಕೈ ಹಾಕಿದ, ಕೈ ಹಿಂತೆಗೆದ, ಅಂಗೈ ಪಂಚೆಗೆ ಒರೆಸಿಕೊಂಡ. ಸೊಸೆಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಕಡೆಗೆ ಹಲಗೆ ಕಿತ್ತು ನೀರನ್ನು ಆ ಕಡೆಗೆ ತಿರುಗಿಸಿದ.

"ಹನ್ನೊಂದು ನಿಮಿಷ ನಿನ್ನ ನೀರು ನಮ್ಮ ಹೊಲ ಕುಡೀತು ತಂಗಿ. ಗಡಿಯಾರ ಹಿಂದೆ ಬಿದ್ದಿತ್ತು. ಮುಂದಿನ ವಾರ ನಮ್ಮ ಸರದೀಲಿ ಹಿಡ್ಕೋ. ಸಂಘಕ್ಕೆ ಹೇಳ್ತೀಯಾ, ಹೇಳು."

ಕೆಳಗಿನ ಹೊಲದಾಕೆ ಗುದ್ದಲಿಗೆ ಆತು ನಿಂತಳು. ನೀರು ಒಣ ಮಣ್ಣಿನ ಮೇಲೆ ನೊರೆ ತಳ್ಳಿಕೊಂಡು ಅವಳ ಬದನೆ ಸಸಿಗಳ ಕಡೆ ಹೋಗುವುದನ್ನೇ ನೋಡಿದಳು.

"ಬಾಯಿಬಿಟ್ಟು ಹೇಳಿದೆಯಲ್ಲ, ಬಿಡಣ್ಣ. ಸಂಘಕ್ಕೆ ಹೋಗಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಅದು ತಪ್ಪಿದ್ದು ನಿನಗೆ ಹೇಗೆ ಗೊತ್ತಾಯ್ತು ತಾಯಿ?"

"ತಾಳೆ ನೋಡೋಣ ಅಂತ ಬಂದೆ ಅತ್ತೆ."

"ಸರಿ, ಬಂದೆ." ಅವಳು ಗುದ್ದಲಿ ಹೆಗಲಿಗೇರಿಸಿದಳು. "ನೀನು ಬರದ ದಿನ?"